ದಾನಪ್ಪ ಸ್ಪೇನಿನಲ್ಲಿದ್ದ ವಾರ

ಪರವೂರಿಗೆ ಹೋದವರ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು ಎಂಬುದು ಸುವರ್ಣಾಳ ತವರಿನಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಕಾಯಿದೆ. ಧಾರವಾಡದಲ್ಲಿ ಅವಳ ಅಜ್ಜಿ ತೀರಿಕೊಂಡಾಗ ಅವಳು ಪುಣೆಯಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಹದಿನೇಳು ದಿನ ಮನೆಯವರೆಲ್ಲ ಫೋನಿನಲ್ಲಿ "ಅಜ್ಜಿ ಮಲಗ್ಯಾಳ" ಎಂದೇ ಹೇಳಿದರು. ಊರಿಗೆ ಬಂದು ಗೊತ್ತಾದ ಮೇಲೆ ಅವಳು ಅತ್ತಳು, ಆಮೇಲೆ ಪಾಸಾದಳು, ಮನೆಯವರು ಮಾಡಿದ್ದೇ ಸರಿ ಎಂದು ಎಲ್ಲರಂತೆ ತಾನೂ ಒಪ್ಪಿಕೊಂಡಳು. ಹೀಗೆ ಕಲಿತ ಪಾಠ ಲಂಡನ್ನಿನ ಹ್ಯಾರೋದಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದರೂ ಮರೆತುಹೋಗುವುದಿಲ್ಲ.

ಆ ಶನಿವಾರ ಬೆಳಿಗ್ಗೆ ಅವಳ ಗಂಡ ದಾನಪ್ಪ ಒಂದು ವಾರದ ಮಟ್ಟಿಗೆ ಸ್ಪೇನಿಗೆ ಹೊರಟ. ಹೊರಟವನು ಒಬ್ಬನೇ, ಆದರೆ ಪ್ರವಾಸ ಇಬ್ಬರದು. ದಾನಪ್ಪ, ಶಶಿಧರ ಇಬ್ಬರೂ ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಫುಟ್‌ಬಾಲ್ ಹುಚ್ಚು ಹತ್ತಿದ್ದೂ ಅಲ್ಲೇ. ಲಂಡನ್ನಿಗೆ ಬಂದರೂ ಇಲ್ಲಿಯ ತಂಡಗಳು ಇವರ ಮನಸ್ಸಿಗೆ ಬರಲಿಲ್ಲ. ಸ್ಪೇನಿನವರ ಆಟವೇ ಆಟ. ಶನಿವಾರ ಸಂಜೆಯಾದರೆ ಶಶಿಧರ ಪಕ್ಕದ ಪಿನ್ನರ್‌ನಿಂದ ಬಂದು ದಾನಪ್ಪನ ಸೋಫಾದಲ್ಲಿ ಕೂರುತ್ತಿದ್ದ. ಸುವರ್ಣಾ ಗಿರಮಿಟ್ ಕಲಸಿ ಕೊಟ್ಟು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು, ಏಕೆಂದರೆ ಅಲ್ಲಿಯ ಬೈಗುಳ ಹೆಣ್ಣುಮಕ್ಕಳು ಕೇಳುವಂಥದ್ದಲ್ಲ. ಐವತ್ತೈದು ತುಂಬಿದ ವರ್ಷ ಸ್ಪೇನಿಗೇ ಹೋಗಿ ನೋಡಬೇಕು ಎಂಬ ಅವರ ಮಾತು ಎಷ್ಟು ಹಳೆಯದೆಂದರೆ, ಹೆಂಡಂದಿರು ಅದನ್ನು ನಂಬುವುದನ್ನೇ ಬಿಟ್ಟಿದ್ದರು.

ಕಡೆಗೂ ಟಿಕೆಟ್ ಆಯಿತು, ವೀಸಾ ಆಯಿತು. ಹೊರಡಲು ಹತ್ತು ದಿನವಿದ್ದಾಗ ಶಶಿಧರನ ಬೆನ್ನು ಹಿಡಿದುಕೊಂಡಿತು. ಎದ್ದರೆ ಕೂರಲಾರ, ಕೂತರೆ ಏಳಲಾರ. ದಾನಪ್ಪ ತಾನೂ ಹೋಗುವುದಿಲ್ಲ ಎಂದು ಮುಖ ಊದಿಸಿಕೊಂಡಾಗ ಶಶಿಧರ ಮಲಗಿದಲ್ಲಿಂದಲೇ ಝಾಡಿಸಿದ.

"ಲೇ ದಾನ್ಯಾ, ನನ್ನ ಪಾಲಿಂದೂ ನೀನ ನೋಡಿ ಬಾ. ಹೋಗಲಿಲ್ಲಂದ್ರ ನಿನ್ನ ಮಾರಿ ನೋಡೂದಿಲ್ಲ ನಾ."

ಹಾಗಾಗಿ ದಾನಪ್ಪ ಹೋದ. ಮರುದಿನ ಭಾನುವಾರ ಅವನು ಮ್ಯಾಡ್ರಿಡ್ಡಿನಲ್ಲಿ ಮೊದಲನೆಯ ಮ್ಯಾಚಿಗೆ ಕೂತಿದ್ದಾಗ ಇತ್ತ ಶಶಿಧರನಿಗೆ ಜ್ವರವೇರಿ ಆಂಬ್ಯುಲೆನ್ಸ್ ಬಂತು. ಬೆನ್ನುನೋವು ಎಂದುಕೊಂಡಿದ್ದು ಬರಿಯ ನೋವಾಗಿರಲಿಲ್ಲ, ಒಳಗೆ ಸೋಂಕಾಗಿತ್ತು, ಅದು ರಕ್ತಕ್ಕೂ ಹರಡಿತ್ತು.

ಸೋಮವಾರ ಸುವರ್ಣಾ ಆಸ್ಪತ್ರೆಗೆ ಹೋದಾಗ ಶಶಿಧರನ ಹೆಂಡತಿ ಬೃಂದಾ ಹಾಸಿಗೆಯ ಪಕ್ಕ ಕೂತಿದ್ದಳು. ಮೈಸೂರಿನವಳು, ಯಾವಾಗಲೂ ನೆಟ್ಟಗೆ ಕೂರುವವಳು, ಅವತ್ತು ಕುರ್ಚಿಯಲ್ಲಿ ಕುಸಿದುಹೋಗಿದ್ದಳು. ಶಶಿಧರ ಮಾತ್ರ ಇನ್ನೂ ನಗುತ್ತಿದ್ದ.

"ವೈನಿ, ದಾನ್ಯಾಗ ಹೇಳಬ್ಯಾಡ್ರಿ. ಅರ್ಧಕ್ಕ ಬಿಟ್ಟು ಓಡಿ ಬರ್ತಾನ ಅಂವ. ಶುಕ್ರವಾರದ ಮ್ಯಾಚ್ ಒಂದ ಮುಗೀಲಿ."

"ನಾ ಯಾಕ ಹೇಳ್ಲಿ ಅಣ್ಣಾ. ನೀವು ಆರಾಮಾಗ್ರಿ," ಎಂದಳು ಸುವರ್ಣಾ. ರೋಗಿಯೇ ಹೇಳಿದ ಮೇಲೆ ಅವಳಿಗೆ ಇನ್ನೇನು ಬೇಕು. ಅಲ್ಲಿಯವರೆಗೆ ಒಳಗೊಳಗೇ ಆಡುತ್ತಿದ್ದ ಅನುಮಾನಕ್ಕೆ ಬೀಗ ಬಿತ್ತು.

ಆದರೆ ದಾನಪ್ಪ ಸುಮ್ಮನಿರುವ ಗಿರಾಕಿಯಲ್ಲ. ತಾಸಿಗೊಂದು ಸಲ ಶಶಿಧರನ ಫೋನಿಗೆ ಅವನ ದನಿ ಬಂದು ಬೀಳುತ್ತಿತ್ತು. ಇಬ್ಬರೂ ಬರೆಯುವವರಲ್ಲ, ಬಾಯಲ್ಲೇ ಹೇಳಿ ಕಳಿಸುವವರು. ಸೋಮವಾರ ಸಂಜೆಯ ಹೊತ್ತಿಗೆ ಶಶಿಧರನಿಗೆ ಫೋನ್ ಎತ್ತುವುದೂ ಕಷ್ಟವಾಯಿತು. ಬೃಂದಾ ಅದನ್ನು ತಂದು ಸುವರ್ಣಾಳ ಕೈಗಿಟ್ಟಳು.

"ಸುವರ್ಣಕ್ಕ, ಇದನ್ನ ಕೇಳೋಕೆ ನನ್ನ ಕೈಲಾಗಲ್ಲ. ನೀವೇ ಏನಾದ್ರೂ ಹಾಕಿ. ಅವರಿಗೆ ಅನುಮಾನ ಬರಬಾರದು."

ಸುವರ್ಣಾ ಕಾರಿಡಾರಿನಲ್ಲಿ ನಿಂತು ಕೇಳಿದಳು. ಗಂಡನ ದನಿಯಲ್ಲಿ ಅಷ್ಟು ಹುಡುಗಾಟವಿರುವುದು ಅವಳಿಗೇ ಗೊತ್ತಿರಲಿಲ್ಲ.

"ಲೇ ಶಶ್ಯಾ, ಇಲ್ಲೆ ಅಂಗಡ್ಯಾಗ ಹಂದಿ ತೊಡಿ ತೋರಣ ಕಟ್ಟಿದಂಗ ಕಟ್ಟ್ಯಾರಲೇ! ನಾ ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜಿಸಿಕೊಂಡು ತಿಂದು ಎದ್ದ ಬಂದೆ. ವೇಟರ್ ನನ್ನ ನೋಡಿ ಪಾಪ ಅಂದ. ಅದ ಇರಲಿ, ನಿನ್ನೆ ಆ ಎಡಗಡೆ ಡಿಫೆಂಡರ್ ಆಟ ನೋಡಿದ್ಯೇನು?"

ಅವಳು ಶಶಿಧರನ ಹೆಸರಿನಲ್ಲಿ ಬೆರಳಿನಿಂದ ಬರೆದಳು: "ಗಂಟಲ ಕಟ್ಟೇದ. ಮಾತಾಡ್ಲಿಕ್ಕೆ ಆಗವಲ್ದು. ಬೆನ್ನು ಸ್ವಲ್ಪ ಕಡಿಮಿ. ಆಟ ಛಲೋ ಇತ್ತು."

ಬರೆದದ್ದನ್ನು ಓದಿದಳು. ಎಲ್ಲ ಸರಿಯಿತ್ತು, ಒಂದು ಬಿಟ್ಟು. ಶಶಿಧರ ಬಾಯಿ ತೆರೆದರೆ ಮೊದಲು ಬರುವುದು "ಲೇ ದಾನ್ಯಾ". ಆ ಎರಡು ಶಬ್ದವಿಲ್ಲದೆ ಅವನು ದಾನಪ್ಪನಿಗೆ ಸಮಯವನ್ನೂ ಕೇಳುತ್ತಿರಲಿಲ್ಲ. ಸುವರ್ಣಾಳಿಗೋ ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ಮದುವೆಯಲ್ಲಿ ಒಡಪು ಹಾಕಿ, ಪದ್ಯದೊಳಗೆ ಸೇರಿಸಿ ಒಮ್ಮೆ ಹೇಳಿದ್ದು, ಅಷ್ಟೇ. ಜಿಪಿ ಡಾಕ್ಟರ ಹತ್ತಿರ ಹೋದಾಗಲೂ ಫಾರ್ಮನ್ನು ಮುಂದೆ ಸರಿಸಿ ಬೆರಳಿಟ್ಟು ತೋರಿಸುತ್ತಾಳೆ. ಇನ್ನು "ಲೇ" ಎಂದು ಕರೆಯುವುದೆಂದರೆ! ಬೇರೆಯವರ ಫೋನಾದರೇನು, ಬೆರಳು ತನ್ನದೇ. ಎರಡು ಸಲ ಬರೆಯಹೋಗಿ ಎರಡು ಸಲವೂ ಅಳಿಸಿದಳು. ಮೊದಲಿನಂತೆಯೇ ಕಳಿಸಿದಳು. ಹೆಸರಿಲ್ಲದಿದ್ದರೆ ಏನು ಮಹಾ ಎಂದುಕೊಂಡಳು.

ಮಂಗಳವಾರ ಮಧ್ಯಾಹ್ನ ಶಶಿಧರನ ಉಸಿರು ಭಾರವಾಯಿತು. ಐಸಿಯುಗೆ ಸಾಗಿಸಬೇಕು, ನಿದ್ದೆ ಬರಿಸಿ ಯಂತ್ರದ ಮೇಲೆ ಹಾಕಬೇಕು ಎಂದರು. ಅದನ್ನೆಲ್ಲ ವಿವರಿಸಲು ಡಾಕ್ಟರು ಬೃಂದಾಳನ್ನು ಹೊರಗೆ ಕರೆದುಕೊಂಡು ಹೋದರು. ಪರದೆಯೊಳಗೆ ಸುವರ್ಣಾ ಒಬ್ಬಳೇ ಇದ್ದಳು. ಶಶಿಧರ ಮುಖದ ಮೇಲಿನ ಮಾಸ್ಕನ್ನು ಒಂದು ಬದಿಗೆ ಸರಿಸಿ ಅವಳ ಮಣಿಕಟ್ಟು ಹಿಡಿದ.

"ವೈನಿ... ದಾನ್ಯಾಗ ಫೋನ್ ಹಚ್ಚಿ ಕೊಡ್ರಿ. ಒಂದ ಮಾತ."

ಫೋನ್ ಅವಳ ಕೈಯಲ್ಲೇ ಇತ್ತು. ಆಗಷ್ಟೇ ದಾನಪ್ಪ ಗ್ರನಾಡಾದ ಅರಮನೆಯ ಬಾಗಿಲಲ್ಲಿ ನಿಂತಿದ್ದೇನೆ, ಸರದಿ ಬಂತು, ಒಳಗೆ ಹೊರಟೆ ಎಂದು ಹೇಳಿ ಕಳಿಸಿದ್ದ. ಈ ದನಿ ಕೇಳಿದರೆ ಅವನು ಅರಮನೆಯನ್ನೂ ನೋಡುವುದಿಲ್ಲ, ಮ್ಯಾಚನ್ನೂ ನೋಡುವುದಿಲ್ಲ, ಸಿಕ್ಕ ವಿಮಾನ ಹತ್ತಿ ದಾರಿಯುದ್ದಕ್ಕೂ ಎದೆ ಒಡೆದುಕೊಂಡು ಬರುತ್ತಾನೆ ಎಂದು ಅವಳಿಗೆ ಅನ್ನಿಸಿತು. ನಿನ್ನೆ ಬೇಡ ಅಂದವರೂ ಇವರೇ ಅಲ್ಲವೇ, ಜ್ವರದ ಮಬ್ಬಿನಲ್ಲಿ ಈಗ ಬೇಕು ಅನ್ನುತ್ತಿದ್ದಾರೆ ಎಂದೂ ಅನ್ನಿಸಿತು.

"ಈಗ ದಣದೀರಿ ಅಣ್ಣಾ. ನಾಳೆ ಎಚ್ಚರಾದ ಮ್ಯಾಲ ಬೇಕಾದಷ್ಟು ಮಾತಾಡೀರಂತ."

ಶಶಿಧರ ಅವಳ ಮುಖವನ್ನೇ ನೋಡಿದ. ವಾದ ಮಾಡುವಷ್ಟು ಉಸಿರು ಅವನಲ್ಲಿರಲಿಲ್ಲ. ಮಣಿಕಟ್ಟು ಬಿಟ್ಟ. ಸುವರ್ಣಾ ಮಾಸ್ಕನ್ನು ಸರಿಮಾಡಿ ಕಟ್ಟಿದಳು. ಬೃಂದಾ ಒಳಗೆ ಬಂದಳು, ನರ್ಸುಗಳು ಬಂದರು, ಹಾಸಿಗೆಯನ್ನು ತಳ್ಳಿಕೊಂಡು ಹೋದರು.

ಆಮೇಲೆ ಅವನಿಗೆ ಎಚ್ಚರವಾಗಲಿಲ್ಲ.

ಬುಧವಾರ ಬೆಳಿಗ್ಗೆ ಶಶಿಧರನ ಮಗಳು ಸಿರಿಶಾ ಮ್ಯಾಂಚೆಸ್ಟರಿನಿಂದ ಬಂದಳು. ಅಪ್ಪನ ಫೋನಿನಲ್ಲಿ ಸುವರ್ಣಾ ಏನೋ ಬರೆಯುತ್ತಿರುವುದನ್ನು ಕಂಡು ಹತ್ತಿರ ಬಂದು ಓದಿದಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

"ಆಂಟಿ, ದಿಸ್ ಈಸ್ ನಾಟ್ ಓಕೆ. ಅಂಕಲ್ ಹ್ಯಾಸ್ ಎ ರೈಟ್ ಟು ನೋ."

"ನಿಮ್ಮಪ್ಪನ ಹೇಳಬ್ಯಾಡಂದಾರವ್ವಾ."

ಅದು ನಿಜ. ಸೋಮವಾರ ಬೇಡ ಅಂದಿದ್ದ. ಮಂಗಳವಾರದ ಮಾತನ್ನು ಸುವರ್ಣಾ ಆ ಹುಡುಗಿಗೂ ಹೇಳಲಿಲ್ಲ, ಬೃಂದಾಳಿಗೂ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಬೃಂದಾ ಅವಳ ಭುಜಕ್ಕೆ ಒರಗುತ್ತಿದ್ದಳು. ಒರಗಿದವಳ ತಲೆಯ ಕೆಳಗಿಂದ ಭುಜ ಎಳೆದುಕೊಳ್ಳುವುದು ಹೇಗೆ? ಹೀಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಆದರೆ ಸಮಾಧಾನವಾಗಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಶಶಿಧರ ತೀರಿಕೊಂಡ.

ಸುವರ್ಣಾ ಅವತ್ತು ಅಳುವುದಕ್ಕಿಂತ ಮೊದಲು ಮಾಡಿದ ಕೆಲಸ ನೋಡಿ. ಹ್ಯಾರೋ, ಪಿನ್ನರ್‌ಗಳ ಕನ್ನಡದ ಮನೆಗಳಿಗೆಲ್ಲ ಒಂದೊಂದಾಗಿ ಫೋನ್ ಹಚ್ಚಿ, ಶನಿವಾರದವರೆಗೆ ಗ್ರೂಪಿನಲ್ಲಿ ಏನೂ ಹಾಕಬೇಡಿ, ನಮ್ಮ ಮನೆಯವರು ಸ್ಪೇನಿನಲ್ಲಿದ್ದಾರೆ ಎಂದಳು. ಹದಿನಾಲ್ಕು ಮನೆ. ಒಬ್ಬರೂ ಯಾಕೆ ಎಂದು ಕೇಳಲಿಲ್ಲ. "ಹೌದೌದು, ಒಬ್ಬರೇ ಇದ್ದಾರೆ, ಬಂದ ಮೇಲೆ ನಿಧಾನಕ್ಕೆ ಹೇಳಿ," ಎಂದರು ಬೆಂಗಳೂರಿನವರು, ಬೆಳಗಾವಿಯವರು, ಎಲ್ಲರೂ. ಒಬ್ಬರಾದರೂ ಬುದ್ಧಿ ಹೇಳಿದ್ದರೆ ಅವಳು ಅಲ್ಲೇ ನಿಲ್ಲುತ್ತಿದ್ದಳೋ ಏನೋ. ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಇನ್ನೂ ಒಂಬತ್ತು ದಿನವಿತ್ತು, ಈ ಊರಿನಲ್ಲಿ ಸತ್ತವರೂ ಸರದಿಯಲ್ಲಿ ಕಾಯಬೇಕು. ಮಣ್ಣಿಗೆ ಹೇಗೂ ನಮ್ಮ ಮನೆಯವರು ಇಲ್ಲೇ ಇರುತ್ತಾರಲ್ಲ, ಕಳೆದುಹೋಗುವುದೇನಿದೆ ಎಂದು ಅವಳು ಲೆಕ್ಕ ಹಾಕಿದ್ದಳು.

ಮಧ್ಯಾಹ್ನ ಮೂರೂವರೆಗೆ ಬೃಂದಾಳ ಅಡುಗೆಮನೆಯಲ್ಲಿ ಬಂದವರಿಗೆ ಚಹಾ ಸೋಸುತ್ತಿದ್ದಾಗ ಶಶಿಧರನ ಫೋನ್ ಅವಳ ಕಾರ್ಡಿಗನ್ನಿನ ಜೇಬಿನಲ್ಲಿ ಅದುರಿತು. ದಾನಪ್ಪ ಶುಕ್ರವಾರದ ಮ್ಯಾಚಿನ ಊರಾದ ಸೆವಿಲ್ಲಿಗೆ ಬಂದಿದ್ದ. ಅವಳು ಹಿತ್ತಿಲಿಗೆ ಹೋಗಿ ಕಿವಿಗೆ ಹಿಡಿದಳು. ಈ ಸಲ ದನಿಯಲ್ಲಿ ಹುಡುಗಾಟವಿರಲಿಲ್ಲ.

"ಶಶ್ಯಾ, ಸಿಟ್ಟಾಗೀದಿ ಹೌದಲ್ಲೋ? ನಿನ್ನ ಬಿಟ್ಟು ಬಂದೆ ಅಂತ. ಮೂರು ದಿನಾತು, ಒಂದು ಸಲನೂ ನೀ ನನ್ನ ಹೆಸರ ಹಿಡದು ಕರದಿಲ್ಲ. ಮಂದಿಗೆ ಬರದಂಗ ಬರೀಲಿಕತ್ತೀ. ನಾನೂ ಸಿಟ್ಟಿಗೆದ್ದು ನಿನಗ ಫೋನ ಹಚ್ಚಲಿಲ್ಲ ನೋಡು. ನೀನ ಕಳಿಸಿ, ಈಗ ನೀನ ಹಿಂಗ ಮಾಡಿದ್ರ ಹೆಂಗೋ? ಊಟಾ ಸೇರವಲ್ದು, ಊರ ನೋಡಾಕ ಮನಸಿಲ್ಲ. ನಾಳಿ ಮ್ಯಾಚೂ ಬ್ಯಾಡನಸೇದ. ಒಮ್ಮಿ ಬೈಯೋ ಮಾರಾಯಾ."

ಅವಳು ಅದನ್ನು ಇನ್ನೊಮ್ಮೆ ಕೇಳಿದಳು. ಸೋಮವಾರದಿಂದ ಗಂಡನನ್ನು ಖುಷಿಯಾಗಿಡಲು ತಾನು ಪಟ್ಟ ಪಾಡೆಲ್ಲ ಅವನನ್ನು ಒಳಗೊಳಗೇ ಕೊರೆದಿತ್ತು. ಮಂಗಳವಾರ ಅವನಾಗಿಯೇ ಫೋನ್ ಮಾಡಬಹುದಿತ್ತು, ತನ್ನ ಬೆರಳಿನ ಸಂಕೋಚ ಅದನ್ನೂ ತಪ್ಪಿಸಿತ್ತು. ಈಗಲಾದರೂ ಹೇಳಬೇಕು. ಹೇಳಿದರೆ? ಪರದೇಶದ ಬೀದಿಯಲ್ಲಿ, ಸುತ್ತ ಒಬ್ಬರೂ ಗುರುತಿನವರಿಲ್ಲದ ಕಡೆ, ಗೆಳೆಯ ಸಿಟ್ಟಾಗಿಯೇ ಸತ್ತ ಎಂದುಕೊಂಡು ಅವನು ಕುಸಿದು ಕೂತರೆ ಎತ್ತುವವರು ಯಾರು?

ಒಳಗೆ ಯಾರೋ ಬೃಂದಾಳಿಗೆ ನೀರು ಕುಡಿಸುತ್ತಿದ್ದರು. ಹಿತ್ತಿಲಿನ ಬೆಂಚಿನ ಮೇಲೆ ಕೂತು, ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ಸುವರ್ಣಾ ಗಂಡನ ಹೆಸರು ಬರೆದಳು.

"ಲೇ ದಾನ್ಯಾ, ಹುಚ್ಚಸೂಳೆಮಗನ, ನನಗ್ಯಾಕ ಸಿಟ್ಟು ಬರಲಿ. ಗಂಟಲ ಕಟ್ಟಿ ಸಾಯಲಿಕತ್ತೇನಿ. ಸುಮ್ಮನ ಮ್ಯಾಚ್ ನೋಡಿ ಬಾ."

ಕಳಿಸಿದ ಮೇಲೆ ಕೈಬೆರಳು ತನ್ನದಲ್ಲ ಅನ್ನಿಸಿತು. ಉತ್ತರ ತಕ್ಷಣ ಬಂತು. ಮಾತಿರಲಿಲ್ಲ, ಬರಿಯ ನಗು. ಉಸಿರು ಸಿಗದಷ್ಟು ನಗು, ಹಿಂದೆ ಬೀದಿಯ ಗದ್ದಲ.

ಶನಿವಾರ ಅವಳು ಹೀಥ್ರೂಗೆ ಕಾರು ತೆಗೆದುಕೊಂಡು ಹೋದಳು. ದಾನಪ್ಪ ಬಿಸಿಲಿಗೆ ಕಂದಿದ ಮೂಗು ಹೊತ್ತುಕೊಂಡು ಬಂದ. ಕಾರು ನಿಲ್ಲಿಸಿದ ಕಟ್ಟಡದ ಮೂರನೆಯ ಮಹಡಿಯವರೆಗೆ ಲಿಫ್ಟಿನಲ್ಲಿ ಅವನದೇ ಮಾತು: ಶುಕ್ರವಾರ ಕಡೆಯ ನಿಮಿಷದ ಗೋಲು, ಪಕ್ಕದಲ್ಲಿ ಕೂತ ಮುದುಕಿ ಅವನನ್ನು ತಬ್ಬಿಕೊಂಡದ್ದು, ಮನೆಗೆ ಹೋಗುವ ಮೊದಲು ಪಿನ್ನರ್‌ಗೆ ಹೋಗಿ ಆ ಶಶ್ಯಾ ಮಗನಿಗೆ ಎಲ್ಲ ಹೇಳಬೇಕು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತ ಮೇಲೆ ಅವಳು ಕಾರು ಚಾಲೂ ಮಾಡಲಿಲ್ಲ.

"ರೀ, ಶಶಣ್ಣ ಹೋದ್ರು."

"ಎಲ್ಲಿಗೆ?"

ಅವಳು ಅವನ ಕಡೆ ತಿರುಗಿದಳು. ಅವಳ ಮುಖದಲ್ಲೇ ಅವನು ಓದಿಕೊಂಡ. ಯಾವಾಗ ಎಂದು ಕೇಳಿದ. ಬೃಂದಾಳನ್ನೂ ಹದಿನಾಲ್ಕು ಮನೆಯವರನ್ನೂ ಒಪ್ಪಿಸಿ ಶುಕ್ರವಾರ ಎಂದು ಹೇಳಿಬಿಡಬಹುದೇ ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಬಾಯಿಂದ ಮಾತ್ರ ನಿಜವೇ ಬಂತು.

"ಗುರುವಾರ. ಮುಂಜಾನೆ ಒಂಬತ್ತೂ ನಲವತ್ತಕ್ಕ."

ದಾನಪ್ಪ ಫೋನ್ ತೆಗೆದ. ಬೆರಳು ಮೇಲೆ ಕೆಳಗೆ ಆಡಿತು, ಒಂದು ಕಡೆ ನಿಂತಿತು.

"ಇದು ಮಧ್ಯಾಹ್ನ ಬಂದದ."

"ನಾ ಬರದದ್ದು. ಸೋಮವಾರದಿಂದ ಎಲ್ಲಾ ನಾನ ಬರದದ್ದು."

ಅವನು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಂವ ಹೋಗಿ ಆರು ತಾಸಾಗಿತ್ತು," ಎಂದ. "ನಾ ನಡು ಓಣ್ಯಾಗ ನಿಂತು ನಕ್ಕೆ, ಸುವರ್ಣಾ. ಮಂದಿ ನಿಂತು ನೋಡೂ ಹಂಗ ನಕ್ಕೆ."

ಆಮೇಲೆ ಅತ್ತ. ಐವತ್ತೈದರ ಗಂಡಸು ಸೀಟ್ ಬೆಲ್ಟ್ ಕಟ್ಟಿಕೊಂಡು, ಮೊಣಕಾಲ ಮೇಲೆ ಬ್ಯಾಗಿಟ್ಟುಕೊಂಡು ಅಳುವುದನ್ನು ನೋಡಲಾಗದೆ ಅವಳು ಅವನ ಕೈ ಹಿಡಿದಳು.

"ಹೇಳಬ್ಯಾಡಂತ ಅವರ ಅಂದ್ರು ರೀ. ಸೋಮವಾರ ತಮ್ಮ ಬಾಯಿಲೆ ಅಂದ್ರು. ಓಡಿ ಬರ್ತಾನ, ಮ್ಯಾಚ್ ಮುಗೀಲಿ ಅಂದ್ರು."

ದಾನಪ್ಪ ಮುಖ ಒರೆಸಿಕೊಂಡ. ಆ ಮಾತು ಅವನಿಗೆ ಎಲ್ಲೋ ಒಂದು ಆಸರೆ ಕೊಟ್ಟಿತು.

"ಅಂದಿರತಾನ. ಅಂಥಾ ಮಗನ ಅಂವ." ಅವಳ ಕೈಯನ್ನು ಗಟ್ಟಿಯಾಗಿ ಹಿಡಿದ. "ಹಂಗಾರ ನೀ ಅಂವನ ಮಾತ ನಡಸೀದಿ. ನಿನ್ನದೇನು ತಪ್ಪಿಲ್ಲ ಬಿಡು."

ಕ್ಷಮೆ ಇಷ್ಟು ಸುಲಭವಾಗಿ ಸಿಕ್ಕಿತು. ಸುವರ್ಣಾ ಬಾಯಿ ಮುಚ್ಚಿಕೊಂಡು ಕಾರು ಚಾಲೂ ಮಾಡಿದ್ದರೆ ಅದು ಅವಳಿಗೆ ಸಾಯುವವರೆಗೂ ಉಳಿಯುತ್ತಿತ್ತು. ಮಂಗಳವಾರ ಪರದೆಯ ಹಿಂದೆ ಆಡಿದ ಮಾತಿಗೆ ಸಾಕ್ಷಿಗಳು ಇಬ್ಬರೇ, ಒಬ್ಬ ಈಗಿಲ್ಲ. ಅವಳು ಕೀಲಿಯನ್ನು ಮುಟ್ಟಿಯೂ ಮುಟ್ಟಿದಳು.

"ಕಡೀಕ ಏನರ ಅಂದ್ನೇನು? ನನ್ನ ಕೇಳಿದ್ನ?" ಎಂದ ದಾನಪ್ಪ.

ಇಲ್ಲ ಅಂದರೆ ಗೆಳೆಯ ನೆನಸದೆ ಹೋದ ಎಂದು ಅವನು ಜೀವಮಾನವಿಡೀ ಕೊರಗುತ್ತಾನೆ. ಹೌದು ಅಂದರೆ ಈ ಕೈ ಬಿಟ್ಟುಹೋಗುತ್ತದೆ. ಅವಳಿಗೆ ಎರಡೂ ಸ್ಪಷ್ಟವಾಗಿ ಕಂಡವು.

"ಕೇಳಿದ್ರು. ಮಂಗಳವಾರ, ಯಂತ್ರಕ್ಕ ಹಾಕೂಕಿಂತ ಮುಂಚೆ. ಫೋನ ಹಚ್ಚಿ ಕೊಡ್ರಿ, ಒಂದ ಮಾತ ಅಂದ್ರು. ಫೋನ ನನ್ನ ಕೈಯಾಗಿತ್ತು. ನಾ ನಾಳೆ ಅಂದೆ."

ದಾನಪ್ಪ ಕೈ ತೆಗೆದುಕೊಂಡ. ಸಿಟ್ಟಿನಿಂದ ಕೊಡವಲಿಲ್ಲ, ಮೆಲ್ಲಗೆ ತೆಗೆದುಕೊಂಡ. ಬೆಲ್ಟ್ ಬಿಚ್ಚಿ ಕೆಳಗಿಳಿದ. ಹೊರಟೇ ಹೋಗುತ್ತಾನೇನೋ ಎಂದು ಅವಳು ಹೆದರಿದಳು. ಅವನು ಹಿಂದಿನ ಬಾಗಿಲು ತೆರೆದು, ಬ್ಯಾಗಿನ ಸಮೇತ ಹಿಂದಿನ ಸೀಟಿನಲ್ಲಿ ಕೂತ.

"ಪಿನ್ನರ್‌ಗೆ ನಡಿ."

ಮುಕ್ಕಾಲು ಗಂಟೆಯ ದಾರಿ. ಬಾಡಿಗೆ ಕಾರಿನಲ್ಲಿ ಕೂತವನಂತೆ ಅವನು ಕಿಟಕಿಯಾಚೆ ನೋಡುತ್ತಿದ್ದ. ನಡುವೆ ಒಂದೇ ಸಲ ಮಾತಾಡಿದ, ಅದೂ ಪಿನ್ನರ್ ಹತ್ತಿರ ಬಂದಾಗ.

"ಬೃಂದಾಗ ಈ ಮಾತ ಹೇಳಬ್ಯಾಡ. ಆಕಿ ಈಗ ನಿನ್ನ ನಂಬಿ ನಿಂತಾಳ. ಮಣ್ಣ ಆಗೂ ತನಕರ ಹೇಳಬ್ಯಾಡ."

ಅವನ ದನಿಯಲ್ಲಿ ನಂಜಿರಲಿಲ್ಲ. ಅಷ್ಟು ನೋವಿನಲ್ಲೂ ಅವನಿಗೆ ಬೃಂದಾಳ ಮೇಲೆ ಕರುಣೆ ಬಂದಿತ್ತು, ಆ ಕರುಣೆ ತಕ್ಷಣ ಬಾಯಿ ಮುಚ್ಚಿಸುವ ದಾರಿ ಹುಡುಕಿತ್ತು.  ಹೂಂ ಎಂಬ ಮಾತು ಸುವರ್ಣಾಳ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿಕೊಂಡು ಅವಳು ಶಶಿಧರನ ಓಣಿಗೆ ಕಾರು ತಿರುಗಿಸಿದಳು.

ಶಶಿಧರನ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಕಾರಿನ ಸದ್ದು ಕೇಳಿ ಬೃಂದಾಳೇ ಹೊರಗೆ ಬಂದಳು. ದಾನಪ್ಪನನ್ನು ನೋಡಿ ಅವನ ಕಡೆಗೇ ಹೆಜ್ಜೆಯಿಟ್ಟಳು, ಆದರೆ ಬಂದು ತಬ್ಬಿಕೊಂಡದ್ದು ಸುವರ್ಣಾಳನ್ನು.

"ದಾನಪ್ಪಣ್ಣ, ಈ ವಾರ ಇವರೊಬ್ಬರು ಇಲ್ದೆ ಹೋಗಿದ್ರೆ ನಾನು ಬದುಕ್ತಾನೇ ಇರಲಿಲ್ಲ," ಎಂದು ಅವಳ ಕತ್ತಿನಲ್ಲಿ ಮುಖವಿಟ್ಟು ಅತ್ತಳು.

ಬೃಂದಾಳ ತಲೆಯ ಮೇಲಿಂದ ದಾನಪ್ಪ ಹೆಂಡತಿಯನ್ನು ನೋಡಿದ. ಬೇಡ ಎಂದು ಕಣ್ಣಿನಲ್ಲೇ ಹೇಳಿದ. ಸುವರ್ಣಾ ಬೃಂದಾಳ ಬೆನ್ನು ಸವರಿದಳು, ಅವಳ ಅಳು ಒಂದಿಷ್ಟು ಇಳಿಯುವವರೆಗೆ ನಿಂತಳು, ಆಮೇಲೆ ಅವಳ ಎರಡೂ ತೋಳು ಹಿಡಿದು ತನ್ನಿಂದ ಬಿಡಿಸಿ ನಿಲ್ಲಿಸಿದಳು.

"ಬೃಂದಾ, ಒಳಗ ಬಾ, ಕೂಡು. ಮಂಗಳವಾರ ನೀ ಡಾಕ್ಟರ್ ಕೂಡ ಹೊರಗ ಹೋಗಿದ್ದಾಗಿಂದು ಒಂದ ಮಾತದ," ಎಂದಳು.